ಬಿದ್ದದ್ದನ್ನು ಬಿಚ್ಚಿ ನೋಡುವವರು ಯಾರು?

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ, ಔರಾದ್ ತಾಲ್ಲೂಕಿನ ನಮ್ಮ ಬೀಗರ ಹೊಲದಲ್ಲಿ, ಎಂಟು ಹತ್ತು ಜನರ ಎದುರಿಗೆ ನನ್ನ ಸೋದರಳಿಯನನ್ನು ನಾನು ಗದರಿಸಿದೆ. ಆರು ತಿಂಗಳ ಕಾಲ ಒಂದೊಂದೇ ಬಿಡಿಭಾಗ ತರಿಸಿ ಅವನು ಜೋಡಿಸಿದ್ದ ಪುಟ್ಟ ಡ್ರೋನು ಎಪ್ಪತ್ತು ಎಂಬತ್ತು ಅಡಿ ಎತ್ತರದಿಂದ ಒಮ್ಮೆಲೇ ಮಗುಚಿ, ಗಿರಗಿರನೆ ತಿರುಗುತ್ತ ಹೂಬಿಟ್ಟ ತೊಗರಿಯ ನಡುವೆ ಬಿದ್ದಿತ್ತು. ಗಾಳಿ ಜೋರಾಗಿದೆ, ಇಂದು ಬೇಡವೆಂದು ಹೇಳಿರಲಿಲ್ಲವೇ, ನಿಮ್ಮ ತಲೆಮಾರಿಗೆ ತಾಳ್ಮೆಯೆಂಬುದೇ ಇಲ್ಲ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. "ಮಾಮಾ, ನಾ ಏನೂ ಮಾಡ್ಲಿಲ್ರಿ. ತಾನೇ ಬಿತ್ತು" ಎಂದು ಅವನು ಎರಡು ಬಾರಿ ಹೇಳಿದ. ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದ ನನಗೆ ಆ ಮಾತು ನೆಪವಾಗಿಯೇ ಕೇಳಿಸಿತು. ಕಾರಣವಿಲ್ಲದೆ ತಾನಾಗಿ ಬೀಳುವ ವಸ್ತು ಜಗತ್ತಿನಲ್ಲಿಲ್ಲ ಎಂದೆ. ಈ ಮಾತು ಸರಿಯಾಗಿಯೇ ಇತ್ತು, ಆದರೆ ಅದನ್ನು ಆಡಿದವನು ಸರಿಯಿರಲಿಲ್ಲ. ಅದು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು.

ಡ್ರೋನನ್ನು ಹುಡುಕಿಕೊಟ್ಟವರು ಹೊಲದಲ್ಲಿ ಕೆಲಸಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳು. ಬಿದ್ದ ದಿಕ್ಕಿನಲ್ಲಿ ಒಂದು ಜಾಲಿಮರವಿದೆ ಎಂಬುದನ್ನಷ್ಟೇ ಗುರುತಿಟ್ಟುಕೊಂಡು ನಾವು ಎದೆಯೆತ್ತರದ ತೊಗರಿಯಲ್ಲಿ ತಡಕಾಡುತ್ತಿದ್ದಾಗ, ಆಕೆ ನೆಟ್ಟಗೆ ಹೋಗಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದೇ ಏನ್ರಿ ನಿಮ್ಮ ಗುಂಗಿ? ಗಿಡ ತುಳೀಬ್ಯಾಡ್ರಿ, ಹೂವು ಉದುರ್ತಾವ" ಎಂದರು. ಇಂಗ್ಲಿಷಿನ ಡ್ರೋನ್ ಎಂಬುದೂ ಮೂಲದಲ್ಲಿ ಒಂದು ಹುಳದ ಹೆಸರೇ ಅಲ್ಲವೇ? ಆದರೆ ಆ ಹೊತ್ತಿಗೆ ನನಗೆ ಭಾಷಾಶಾಸ್ತ್ರ ಹೊಳೆಯಲಿಲ್ಲ. ಒಂದು ತೋಳು ಸೀಳಿತ್ತು, ಎರಡು ಪ್ರೊಪೆಲ್ಲರ್‌ಗಳು ಮುರಿದಿದ್ದವು, ಬ್ಯಾಟರಿಯ ಒಂದು ಮೂಲೆ ತಗ್ಗಾಗಿತ್ತು.

ಬೀದರ್ ನಗರದಲ್ಲಿ ವಾಸಿಸುವ ನಾನು ಭಾಲ್ಕಿಯ ತಂಗಿಯ ಮಗನೊಡನೆ ಔರಾದಿನವರೆಗೆ ಹೋಗಿ ಡ್ರೋನು ಹಾರಿಸುವುದೇಕೆಂದು ಓದುಗರಿಗೆ ಅನ್ನಿಸಬಹುದು. ಬೀದರಿನ ಆಕಾಶ ಬೀದರಿನವರದಲ್ಲ, ವಾಯುಪಡೆಯದು. ಬೆಳಗಿನ ಚಹಾಕ್ಕೂ ಮೊದಲು ತರಬೇತಿ ವಿಮಾನಗಳ ಸದ್ದು ಕೇಳುವ ಊರಿದು. 1996ರಲ್ಲಿ ಸೂರ್ಯಕಿರಣ ತಂಡ ರೂಪುಗೊಂಡದ್ದೂ ಇಲ್ಲಿಯೇ. 2020ರ ಫೆಬ್ರುವರಿಯಲ್ಲಿ ಇದೇ ನೆಲೆಯಿಂದ ನಾಗರಿಕ ವಿಮಾನಯಾನವೂ ಆರಂಭವಾಯಿತು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿವೆ. ಹಸಿರು ವಲಯದಲ್ಲಿ ನಾನೂರು ಅಡಿಯವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. 250 ಗ್ರಾಂ ಮೀರದ ಕಿರುಡ್ರೋನಿಗೆ ಪೈಲಟ್ ಪರವಾನಗಿಯೂ ಬೇಡ. ಆದರೆ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಗಾಳಿಪಟದಷ್ಟು ಹಗುರದ ಡ್ರೋನನ್ನೂ ಏರಿಸುವಂತಿಲ್ಲ. ವೇಗವಾಗಿ ಇಳಿಯುವ ವಿಮಾನದ ಮುಂದೆ ಇನ್ನೂರು ಗ್ರಾಂ ಕೂಡ ಆಟಿಕೆಯಲ್ಲ. ಈ ನಿರ್ಬಂಧದ ಬಗ್ಗೆ ನನ್ನ ತಕರಾರಿಲ್ಲ. ಹೀಗಾಗಿ ಜೋಡಣೆ ಭಾಲ್ಕಿಯಲ್ಲಿ, ಹಾರಾಟ ಔರಾದಿನಲ್ಲಿ, ಉಪದೇಶ ಬೀದರಿನಿಂದ ಎಂಬ ವ್ಯವಸ್ಥೆ ನಮ್ಮದು.

ಬಿದ್ದ ಡ್ರೋನನ್ನು ಏನು ಮಾಡಬೇಕು? ಸಾಮಾನ್ಯ ಉತ್ತರ, ಹೊಸದನ್ನು ಕೊಳ್ಳಬೇಕು. ಇದಕ್ಕೂ ಮೂರು ವರ್ಷ ಮೊದಲು ಅಳಿಯನಿಗೆ ನಾನೇ ಉಡುಗೊರೆಯಾಗಿ ಕೊಟ್ಟಿದ್ದ ಸಿದ್ಧ ಡ್ರೋನೊಂದು ಕ್ಯಾಮೆರಾದ ಕಡೆ ಪೆಟ್ಟುತಿಂದಾಗ ಮಾರಿದವರಿಗೆ ಕಳಿಸಿದ್ದೆವು. ಎರಡು ತಿಂಗಳ ನಂತರ ಅದು ಹೋದಂತೆಯೇ ಹಿಂದಿರುಗಿತು. ದುರಸ್ತಿಗಿಂತ ಹೊಸದು ಅಗ್ಗ ಎಂಬ ಒಂದು ಸಾಲಿನ ಚೀಟಿ ಜೊತೆಗಿತ್ತು. ಕೆಟ್ಟದ್ದೇನು ಎಂಬುದನ್ನಾದರೂ ತಿಳಿಸಿ ಎಂದು ಕೇಳಿದೆ. ಆ ಪ್ರಶ್ನೆಯೇ ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಅದರ ತಿರುಪುಗಳನ್ನು ಬಿಚ್ಚಲು ಬೇಕಾದ ನಕ್ಷೆಯಾಗಲಿ, ಒಳಗಿನ ರಿಬ್ಬನ್ ಕೇಬಲ್ಲಿನ ಹೆಸರಾಗಲಿ ಎಲ್ಲಿಯೂ ಸಿಗಲಿಲ್ಲ. ಈಗ ಅದು ನಮ್ಮ ಮನೆಯ ಅಟ್ಟದ ಮೇಲಿದೆ. ಅಳಿಯ ಎರಡನೆಯದನ್ನು ಬಿಡಿಭಾಗಗಳಿಂದ ತಾನೇ ಕಟ್ಟಲು ಹೊರಟದ್ದು ಈ ಅನುಭವದ ಮೇಲೆಯೇ.

ಅದಕ್ಕೆ ಕಾನೂನಿನ ಕಡೆಯಿಂದಲೂ ಒಂದು ಅನುಕೂಲ, ಬೇಕೆಂದೋ ಬೇಡವೆಂದೋ, ಒದಗಿಬಂದಿತ್ತು. 2022ರ ಫೆಬ್ರುವರಿ 9ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸಿದ ಅಧಿಸೂಚನೆ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆಯಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ಬಿಡಿಭಾಗಗಳ ಆಮದಿಗೆ ಮಾತ್ರ ಅಡ್ಡಿಯಿಲ್ಲ. ಅಂದರೆ ಮೋಟರು, ನಿಯಂತ್ರಕ ಫಲಕ, ಕಾರ್ಬನ್ ಚೌಕಟ್ಟು, ರಿಸೀವರ್ ಇವುಗಳನ್ನು ತರಿಸಿ ಬೆಸೆದುಕೊಳ್ಳಬಲ್ಲವನಿಗೆ ಬಾಗಿಲು ತೆರೆದೇ ಇದೆ. ನಿಯಂತ್ರಕದೊಳಗೆ ಓಡುವ ಬೀಟಾಫ್ಲೈಟ್‌ನಂಥ ತಂತ್ರಾಂಶವೂ ಮುಕ್ತವಾದದ್ದು, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ದೇಶೀಯ ಉದ್ಯಮವನ್ನು ಬೆಳೆಸಲೆಂದು ಮಾಡಿದ ಈ ನಿಯಮದ ಅಡಿಯಲ್ಲಿ ಭಾಲ್ಕಿಯ ಒಂದು ಮನೆಯ ಊಟದ ಮೇಜು ಕಾರ್ಯಾಗಾರವಾದದ್ದನ್ನು ದಿಲ್ಲಿಯ ಅಧಿಕಾರಿಗಳು ಊಹಿಸಿರಲಾರರು. ನನ್ನ ತಂಗಿಯಂತೂ ಇನ್ನೂ ಕ್ಷಮಿಸಿಲ್ಲ.

ಆ ಮೇಜಿನ ಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಕೆಲಸ ಬ್ಯಾಟರಿಯದು. ಲಿಥಿಯಂ ಪಾಲಿಮರ್ ಕೋಶವೊಂದರ ಪೂರ್ಣ ವೋಲ್ಟೇಜು 4.2, ಅಂಥ ನಾಲ್ಕು ಕೋಶಗಳು ತೆಳ್ಳನೆಯ ಹೊದಿಕೆಯೊಳಗೆ ಒತ್ತೊತ್ತಾಗಿರುತ್ತವೆ. ಪೆಟ್ಟುಬಿದ್ದಾಗ ಒಳಗಿನ ಪದರಗಳು ಒಂದನ್ನೊಂದು ತಾಗಿದರೆ ಬೆಂಕಿ ಹತ್ತಬಹುದು, ಅದೂ ಆಗಲೇ ಅಲ್ಲ, ಕೆಲವು ಗಂಟೆಗಳ ನಂತರವೂ. ಹೊಲದಲ್ಲಿಯೇ ಅದನ್ನು ಬೇರ್ಪಡಿಸಿ, ಮನೆಗೆ ಬಂದೊಡನೆ ಅಂಗಳದಲ್ಲಿ ಮರಳು ತುಂಬಿದ ಬಕೆಟ್ಟಿನೊಳಗೆ ಇಟ್ಟೆವು. ನೋಡಲು ಚೆನ್ನಾಗಿಯೇ ಇದೆ, ಒಮ್ಮೆ ಚಾರ್ಜಿಗೆ ಹಾಕಿ ನೋಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ತಗ್ಗುಬಿದ್ದ ಬ್ಯಾಟರಿಯನ್ನು ಎಂದಿಗೂ ಚಾರ್ಜು ಮಾಡಬಾರದು. ಅದನ್ನು ನಿಧಾನವಾಗಿ ಬರಿದು ಮಾಡಿದ ಮೇಲೆ ಎಲ್ಲಿ ಕೊಡಬೇಕೆಂಬುದು ಬೇರೆಯೇ ತಲೆನೋವು. 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಆದರೆ ಅವುಗಳನ್ನು ನಂಬಿ ಮನೆಯ ಮುಂದಿನ ಕಸದ ಗಾಡಿಯವನ ಕೈಗೆ ಬ್ಯಾಟರಿಯನ್ನು ಕೊಡಲು ನನಗಂತೂ ಮನಸ್ಸು ಬರಲಿಲ್ಲ.

ಎರಡನೆಯ ಕೆಲಸ, ಕೆಟ್ಟದ್ದನ್ನು ಇನ್ನಷ್ಟು ಕೆಡಿಸದೆ ಪರೀಕ್ಷಿಸುವುದು. ಉಳಿದ ಪ್ರೊಪೆಲ್ಲರ್‌ಗಳನ್ನು ತೆಗೆದಿಟ್ಟೆವು. ಪರೀಕ್ಷೆಯ ಹೊತ್ತಿನಲ್ಲಿ ಮೋಟರು ಹಠಾತ್ತಾಗಿ ತಿರುಗಿ ಬೆರಳು ಕಳೆದುಕೊಳ್ಳುವುದು ದಡ್ಡತನ. ಬಳಿಕ ಅಳಿಯ ಮಾಡಿದ ಉಪಾಯ ನನಗೆ ಮೆಚ್ಚುಗೆಯಾಯಿತು. ಆಟೊಮೊಬೈಲ್ ಅಂಗಡಿಯಿಂದ ಇಪ್ಪತ್ತು ರೂಪಾಯಿಯ ಇಂಡಿಕೇಟರ್ ಬಲ್ಬೊಂದನ್ನು ತಂದು, ಇನ್ನೊಂದು ಒಳ್ಳೆಯ ಬ್ಯಾಟರಿಗೂ ಡ್ರೋನಿಗೂ ನಡುವೆ ಸರಣಿಯಲ್ಲಿ ಜೋಡಿಸಿದ. ಎಲ್ಲವೂ ಸರಿಯಿದ್ದರೆ ಬಲ್ಬು ಕ್ಷಣಕಾಲ ಮಿನುಗಿ ಆರುತ್ತದೆ. ಎಲ್ಲಾದರೂ ಶಾರ್ಟ್ ಆಗಿದ್ದರೆ ಪ್ರವಾಹವೆಲ್ಲ ಬಲ್ಬಿನ ತಂತುವಿನ ಮೂಲಕವೇ ಹಾಯಬೇಕಾಗಿ ಬಂದು ಬಲ್ಬು ಪೂರ್ತಿ ಬೆಳಗುತ್ತದೆ, ಫಲಕ ಸುಡದೆ ಉಳಿಯುತ್ತದೆ. ನಮ್ಮ ಬಲ್ಬು ಪೂರ್ತಿ ಬೆಳಗಿತು. ಸರಣಿ ಜೋಡಣೆಯನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಅದರಿಂದ ಇಂಥದೊಂದು ಉಪಯೋಗವಿದೆಯೆಂದು ಒಬ್ಬ ವಿದ್ಯಾರ್ಥಿಗೂ ತೋರಿಸಿರಲಿಲ್ಲ.

ನಾಲ್ಕು ಮೋಟರುಗಳ ಮೂರು ಮೂರು ತಂತಿಗಳನ್ನೂ ಫಲಕದಿಂದ ಬಿಡಿಸಿ ನೋಡಿದರೂ ಬಲ್ಬು ಆರಲಿಲ್ಲ. ಎಂದರೆ ದೋಷ ಫಲಕದಲ್ಲಿಯೇ, ಮೋಟರುಗಳ ವೇಗ ನಿಯಂತ್ರಿಸುವ ಭಾಗದಲ್ಲಿ ಇದೆ. ಅಕ್ಕಿಕಾಳಿನಷ್ಟು ದೊಡ್ಡದಾದ ಟ್ರಾನ್ಸಿಸ್ಟರೊಂದು ಸುಟ್ಟಿತ್ತು. ಹೊಸ ಫಲಕಕ್ಕೆ ನಾಲ್ಕೈದು ಸಾವಿರ ರೂಪಾಯಿ. ತರಿಸಿಬಿಡೋಣ ಎಂದೆ ನಾನು. ಅಳಿಯ ಒಪ್ಪಲಿಲ್ಲ. ಭಾಲ್ಕಿಯ ಬಸ್ ನಿಲ್ದಾಣದ ಬಳಿ ಮೊಬೈಲು ದುರಸ್ತಿ ಮಾಡುವ ಯುವಕನೊಬ್ಬನಿದ್ದಾನೆ. ಶಾಲೆ ಬಿಟ್ಟು ಹನ್ನೆರಡು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕುಳಿತವನು. ಅವನಲ್ಲಿ ಸೂಕ್ಷ್ಮದರ್ಶಕವಿದೆ, ಬಿಸಿಗಾಳಿಯ ಬೆಸುಗೆ ಯಂತ್ರವಿದೆ. ಡ್ರೋನಿನ ಫಲಕವನ್ನು ಅವನು ಅಂದೇ ಮೊದಲ ಬಾರಿಗೆ ಕಂಡದ್ದು. ಅಳಿಯನ ಹಳೆಯ, ಸತ್ತ ಫಲಕವೊಂದರಿಂದ ಅದೇ ಬಗೆಯ ಬಿಡಿಭಾಗವನ್ನು ಎಬ್ಬಿಸಿ ಇಲ್ಲಿ ಕೂರಿಸಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಕೂಲಿ ನೂರೈವತ್ತು ರೂಪಾಯಿ.

ನಾವು ಹೊರಡಲು ಎದ್ದಾಗ ಅವನು ಫಲಕವನ್ನು ಕೈಬಿಡಲಿಲ್ಲ. "ಸರ್, ಫೆಟ್ ತನ್ನಷ್ಟಕ್ಕೆ ತಾನೇ ಸುಡೋದಿಲ್ಲ. ಮೋಟರ್ ನೋಡೀರೇನ್ರಿ?" ಎಂದು ಕೇಳಿದ.

ನೋಡಿರಲಿಲ್ಲ. ತಂತಿ ಬಿಡಿಸಿದ್ದಾಗ ಮಲ್ಟಿಮೀಟರನ್ನು ಅವುಗಳಿಗೆ ಮುಟ್ಟಿಸಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವನು ಅಲ್ಲಿಯೇ ಮುಟ್ಟಿಸಿದ. ಮೋಟರಿನ ಯಾವ ತಂತಿಗೂ ಅದರ ಲೋಹದ ಮೈಗೂ ಸಂಪರ್ಕವಿರಬಾರದು. ಮೂರು ಮೋಟರುಗಳಲ್ಲಿ ಮೀಟರು ಮೌನವಾಗಿತ್ತು. ನಾಲ್ಕನೆಯದರಲ್ಲಿ ಕಿರುಗುಟ್ಟಿತು. ಆ ಮೋಟರನ್ನು ತೋಳಿಗೆ ಬಿಗಿದಿದ್ದ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಒಂದು ಉಳಿದವಕ್ಕಿಂತ ಎರಡು ಮಿಲಿಮೀಟರ್ ಉದ್ದವಾಗಿತ್ತು. ಅದರ ತುದಿ ಮೋಟರಿನ ತಾಮ್ರದ ಸುರುಳಿಯನ್ನು ತಾಗುತ್ತಿತ್ತು. ಮೊದಮೊದಲು ತಂತಿಯ ಮೇಲಿನ ಎನಾಮೆಲ್ ಲೇಪ ಅದನ್ನು ತಡೆದಿರಬೇಕು. ಹಾರಾಟದ ಕಂಪನಕ್ಕೆ ಲೇಪ ಸವೆಯುತ್ತ ಸವೆಯುತ್ತ, ಕೊನೆಗೆ ಔರಾದಿನ ಆ ಹೊಲದ ಮೇಲೆ ಸುರುಳಿಗಳು ಪರಸ್ಪರ ತಾಗಿ, ಟ್ರಾನ್ಸಿಸ್ಟರು ಸುಟ್ಟು, ಒಂದು ಮೋಟರು ನಿಂತುಹೋಗಿದೆ. ನಾಲ್ಕರಲ್ಲಿ ಒಂದು ನಿಂತ ಮೇಲೆ ಅಂಥ ಡ್ರೋನನ್ನು ಯಾವ ಪೈಲಟ್ಟೂ ಹಿಡಿದು ನಿಲ್ಲಿಸಲಾರ.

ಆ ಸ್ಕ್ರೂ ಹಾಕಿದವನು ನಾನು. ಅದರ ಹಿಂದಿನ ತಿಂಗಳು ಡ್ರೋನು ಬೀದರಿನ ನನ್ನ ಮನೆಯಲ್ಲಿದ್ದಾಗ ಒಂದು ಸ್ಕ್ರೂ ಕಳೆದುಹೋಗಿದ್ದನ್ನು ಕಂಡು, ಹುಡುಗನಿಗೆ ನೆರವಾಗಲೆಂದು ಪೇಟೆಯಲ್ಲಿ ಅದೇ ದಪ್ಪದ್ದನ್ನು ಹುಡುಕಿ ತಂದು ಬಿಗಿದಿದ್ದೆ. ದಪ್ಪ ಸರಿಯಾಗಿತ್ತು. ಉದ್ದವನ್ನು ನೋಡಿರಲಿಲ್ಲ. ಅಳಿಯ ಏನೂ ಅನ್ನಲಿಲ್ಲ. ಆ ಮೌನಕ್ಕೆ ನಾನು ಔರಾದಿನ ಆ ಎಂಟು ಹತ್ತು ಜನರ ಎದುರಿಗೇ ಉತ್ತರ ಕೊಡಬೇಕಾಗಿತ್ತು, ಮುಂದೆ ಕೊಟ್ಟೆ ಕೂಡ. ಇಲ್ಲಿ ಹೇಳಬೇಕಾದದ್ದು ಬೇರೆ. ಹೊಸ ಫಲಕ ತರಿಸಿ ಹಾಕಿದ್ದರೆ ಅದೂ ಸುಡುತ್ತಿತ್ತು, ಡ್ರೋನು ಎರಡನೆಯ ಬಾರಿ ಬೀಳುತ್ತಿತ್ತು, ಹುಡುಗನಿಗೆ ಹಾರಿಸಲು ಬರುವುದಿಲ್ಲವೆಂಬ ನನ್ನ ತೀರ್ಪು ಕಾಯಮ್ಮಾಗುತ್ತಿತ್ತು. ಬದಲಿಸುವುದರಿಂದ ವಸ್ತು ಹೊಸದಾಗುತ್ತದೆ, ಆದರೆ ಅದು ಕೆಟ್ಟದ್ದೇಕೆಂದು ತಿಳಿಯುವುದು ದುರಸ್ತಿಗೆ ಕುಳಿತಾಗಲೇ.

ದೊಡ್ಡ ಯಂತ್ರಗಳ ವಿಷಯದಲ್ಲಿ ಇದನ್ನು ನಾವು ಬಲ್ಲೆವು. 2006ರ ಮಾರ್ಚ್‌ನಲ್ಲಿ ಮತ್ತು 2009ರ ಜನವರಿಯಲ್ಲಿ ಸೂರ್ಯಕಿರಣ ತಂಡದ ವಿಮಾನಗಳು ಬೀದರಿನ ಬಳಿಯೇ ಬಿದ್ದು ಪೈಲಟ್ಟುಗಳು ಪ್ರಾಣ ಕಳೆದುಕೊಂಡಾಗ ಈ ಊರು ಮರುಗಿತ್ತು. ವಿಮಾನ ಬಿದ್ದರೆ ತನಿಖೆ ನಡೆಯಲೇಬೇಕೆಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆಯ ಮಾನವರಹಿತ ವಿಮಾನಗಳು ಚಿತ್ರದುರ್ಗ ಜಿಲ್ಲೆಯಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ ಜೋಡಿ ಚಿಕ್ಕೇನಹಳ್ಳಿಯ ಬಳಿಯೂ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿಯೂ ಹೊಲಗಳಲ್ಲಿ ಬಿದ್ದಾಗ, ಸುತ್ತ ನೆರೆದ ಜನ ಮೊಬೈಲಿನಲ್ಲಿ ಚಿತ್ರ ತೆಗೆದರು, ಪತ್ರಿಕೆಗಳು ಒಂದು ದಿನದ ಸುದ್ದಿ ಮಾಡಿದವು, ಕೆಲವರು ನಕ್ಕರು. ಪರೀಕ್ಷಾರ್ಥ ಹಾರಾಟದಲ್ಲಿ ಬೀಳುವುದು ನಾಚಿಕೆಯ ಸಂಗತಿಯೇನೂ ಅಲ್ಲ. ಬಿದ್ದ ಮೇಲೆ ಅವಶೇಷವನ್ನು ಹೆಕ್ಕಿ, ದಾಖಲೆ ಓದಿ, ಕಾರಣ ಹುಡುಕುವವರೂ ಇರುತ್ತಾರೆಂಬುದು ನಮ್ಮ ಗಮನಕ್ಕೇ ಬರುವುದಿಲ್ಲ.

ಇದೇ ಅರೆಗಣ್ಣಿನ ಇನ್ನೊಂದು ಮುಖವನ್ನು 2020ರಲ್ಲಿ ಕಂಡೆವು. ಹಳೆಯ ಗುಜರಿಯಿಂದ ನೂರಾರು ಡ್ರೋನು ಮಾಡಿದ್ದೇನೆಂದು ಹೇಳಿಕೊಂಡ ಯುವಕನೊಬ್ಬನನ್ನು ನಾಡು ತಲೆಯ ಮೇಲೆ ಹೊತ್ತು ಮೆರೆಸಿತು. ಮಾತಿನಲ್ಲಿ ಹುರುಳಿಲ್ಲವೆಂಬ ಟೀಕೆ ಎದ್ದಾಗ ಅಷ್ಟೇ ಉತ್ಸಾಹದಿಂದ ಲೇವಡಿ ಮಾಡಿತು. ಸನ್ಮಾನದ ಶಾಲು ಹೊದಿಸಿದ ಸಭೆಗಳಲ್ಲಿ, ಒಂದು ಡ್ರೋನನ್ನು ಮೇಜಿನ ಮೇಲಿಟ್ಟು ಬಿಚ್ಚಿ ತೋರಿಸಪ್ಪ ಎಂದು ಕೇಳುವವರು ಒಬ್ಬರಿದ್ದಿದ್ದರೂ ಸಾಕಾಗಿತ್ತು. ಆ ಪ್ರಶ್ನೆಯನ್ನು ನನ್ನಂಥ ಭೌತಶಾಸ್ತ್ರದ ಅಧ್ಯಾಪಕರೂ ಕೇಳಲಿಲ್ಲ. ಭಾಲ್ಕಿಯ ಮೊಬೈಲು ಅಂಗಡಿಯವನಾಗಿದ್ದರೆ ಕೇಳುತ್ತಿದ್ದ.

ಇಷ್ಟಕ್ಕೂ ಹವ್ಯಾಸದ ಆಟಿಕೆಯೊಂದರ ಕತೆಯನ್ನು ಸಂಪಾದಕೀಯ ಪುಟದಲ್ಲಿ ಏಕೆ ಬೆಳೆಸಬೇಕು? ಆಟಿಕೆಯ ಅಣ್ಣತಮ್ಮಂದಿರು ಹೊಲಕ್ಕೆ ಇಳಿದಿದ್ದಾರೆ ಎಂಬ ಕಾರಣಕ್ಕೆ. ಕೇಂದ್ರ ಸಂಪುಟವು 2023ರ ನವೆಂಬರ್‌ನಲ್ಲಿ 1,261 ಕೋಟಿ ರೂಪಾಯಿಯ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ನೀಡಿತು. ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ ಸಿಂಪಡಿಸುವ ಡ್ರೋನು. ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಸೋಯಾ, ಉದ್ದು, ಹೆಸರು, ತೊಗರಿ ಬೆಳೆಯುವ ಬೀದರ್ ಜಿಲ್ಲೆಗೆ ಇದಕ್ಕಿಂತ ಒಪ್ಪುವ ಯಂತ್ರ ಬೇರೆಯಿಲ್ಲವೆಂದೇ ನಾನೂ ನಂಬುತ್ತೇನೆ. ಆಳೆತ್ತರದ ತೊಗರಿಯೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷದ ಮಂಜಿನಲ್ಲಿ ನಡೆದವರ ಕಷ್ಟ ನೋಡಿದವರು ಇದನ್ನು ಅಲ್ಲಗಳೆಯಲಾರರು. ಸಂಘದ ಒಬ್ಬ ಸದಸ್ಯೆಗೆ ಹದಿನೈದು ದಿನದ ತರಬೇತಿ, ವಿದ್ಯುತ್ ಉಪಕರಣಗಳ ದುರಸ್ತಿಯಲ್ಲಿ ಒಲವುಳ್ಳ ಇನ್ನೊಬ್ಬರಿಗೆ ಸಹಾಯಕರಾಗಿ ತರಬೇತಿ ಎಂಬ ಮಾತೂ ಯೋಜನೆಯಲ್ಲಿದೆ. ಈ ಎರಡನೆಯ ಮಾತನ್ನು ಬರೆದ ಅಧಿಕಾರಿ ಯಾರೋ, ಹಳ್ಳಿಯನ್ನು ಕಂಡವರೇ ಇರಬೇಕು.

ಆದರೆ ಸಿಂಪಡಿಸುವ ಡ್ರೋನೂ ಬೀಳುತ್ತದೆ. ವಿದ್ಯುತ್ ತಂತಿಗೆ, ಬೇವಿನ ಕೊಂಬೆಗೆ, ಬಾವಿಯ ಮೋಟೆಗಲ್ಲಿಗೆ ತಾಗುತ್ತದೆ. ವಾರಂಟಿಯ ಅವಧಿ ಮುಗಿಯುತ್ತದೆ. ಆಗ ಔರಾದಿನಿಂದ ಅದನ್ನು ಪೆಟ್ಟಿಗೆಗೆ ತುಂಬಿ ಯಾವ ಊರಿಗೆ ಕಳಿಸಬೇಕು, ಎಷ್ಟು ದಿನ ಕಾಯಬೇಕು? ಕೀಟ ಕಾಯುವುದಿಲ್ಲ. ಕಾಯಿಕೊರಕ ಬಿದ್ದ ತೊಗರಿಗೆ ಒಂದು ವಾರ ತಡವಾಗಿ ಸಿಂಪಡಿಸಿದರೆ ಸಿಂಪಡಿಸದಿದ್ದಂತೆಯೇ. ಎರಡು ತಿಂಗಳ ಮೇಲೆ "ಹೊಸದು ಅಗ್ಗ" ಎಂಬ ಚೀಟಿ ಬಂದರೆ ನನ್ನಂತೆ ಅಟ್ಟದ ಮೇಲಿಡಲು ಅದೇನು ಹುಟ್ಟುಹಬ್ಬದ ಉಡುಗೊರೆಯಲ್ಲ. ಸಂಘದ ಹೆಂಗಸರು ಸಾಲದ ಕಂತು ಕಟ್ಟುತ್ತಿರುವ ಯಂತ್ರ.

ಇದಕ್ಕೆ ಉತ್ತರ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿಯೇ ಇದೆ. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಬೇಸಿಗೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಸುಟ್ಟ ಕೊಳವೆಬಾವಿಯ ಮೋಟರನ್ನು ರೈತ ಟಂಟಂನಲ್ಲಿ ಹೇರಿಕೊಂಡು ಬರುತ್ತಾನೆ. ಅಂಗಡಿಯವನು ಹಳೆಯ ಸುರುಳಿಯನ್ನು ಬಿಚ್ಚುತ್ತ ಸುತ್ತುಗಳನ್ನು ಎಣಿಸುತ್ತಾನೆ, ತಂತಿಯ ಗೇಜು ಅಳೆಯುತ್ತಾನೆ, ಹೊಸ ತಾಮ್ರ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸಿ, ಸಂಜೆಗೋ ಮರುದಿನವೋ ಕಳಿಸಿಕೊಡುತ್ತಾನೆ. ಜೊತೆಗೆ, ಒಂದು ಫೇಸ್ ಹೋದಾಗ ಓಡಿಸಿದ್ದೀರಿ, ಅದಕ್ಕೇ ಸುಟ್ಟಿದೆ ಎಂದು ಬೈಯುತ್ತಾನೆ. ಬೈಗುಳವೂ ಸೇವೆಯ ಭಾಗ. ಯಾವ ಕಂಪನಿಯ ಪಂಪು ಎಂಬುದು ಅಲ್ಲಿ ಮುಖ್ಯವಲ್ಲ. ಏಕೆಂದರೆ ವಿದ್ಯೆ ಬಚ್ಚಿಟ್ಟದ್ದಲ್ಲ, ತಂತಿ ಪೇಟೆಯಲ್ಲಿ ಸಿಗುತ್ತದೆ, ಬಿಚ್ಚಬಾರದೆಂಬ ಬೀಗಮುದ್ರೆ ಮೋಟರಿನ ಮೇಲಿಲ್ಲ. ಡ್ರೋನಿನ ಮೋಟರಿನಲ್ಲಿರುವುದೂ ಅದೇ ತಾಮ್ರ, ಅದೇ ಎನಾಮೆಲ್, ಅದೇ ಮೂರು ತಂತಿ. ನಮ್ಮ ಸುಟ್ಟ ಮೋಟರನ್ನು ಕುತೂಹಲಕ್ಕೆ ಒಬ್ಬ ವೈಂಡಿಂಗ್‌ನವರಿಗೆ ತೋರಿಸಿದಾಗ, ಅಂಗೈಯಲ್ಲಿಟ್ಟುಕೊಂಡು ನಕ್ಕು, "ಕಣ್ಣಿಗೆ ಕನ್ನಡಕ ಬೇಕಾಗ್ತದ, ಅಷ್ಟೇ" ಎಂದರು. ನಾವು ಹೊಸದನ್ನೇ ತರಿಸಿದೆವು, ಅದಕ್ಕೆ ಸಾವಿರ ರೂಪಾಯಿಯಷ್ಟೇ. ಆದರೆ ಅವರು ಅಲ್ಲವೆನ್ನಲಿಲ್ಲ ಎಂಬುದು ನನಗೆ ಮುಖ್ಯವೆನಿಸಿತು. ಬಿದರಿ ಕಲೆಯ ಬೆಳ್ಳಿತಂತಿಯನ್ನು ಇಲ್ಲಿ ಎಳೆದು ತರುವುದು ಬೀದರಿನವರ ಹಳೆಯ ಚಾಳಿ; ಆ ಆಸೆಯನ್ನು ಅದುಮಿಕೊಂಡಿದ್ದೇನೆ.

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಸಾರ್ವಜನಿಕ ಹಣದಿಂದ ಸಹಾಯಧನ ಪಡೆದು ಮಾರಾಟವಾಗುವ ಡ್ರೋನಿನ ತಯಾರಕರು ಬಿಡಿಭಾಗಗಳ ಪಟ್ಟಿ, ದರ, ದುರಸ್ತಿ ಕೈಪಿಡಿಗಳನ್ನು ಬಹಿರಂಗಪಡಿಸಬೇಕು, ಅದೂ ಕನ್ನಡದಲ್ಲಿ, ಎಂಬ ಒಂದು ಷರತ್ತನ್ನು ಹಾಕಲು ಸರ್ಕಾರಕ್ಕೆ ಕಷ್ಟವೇನು? ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿಯೇ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಆ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕೆಂದೇ ಒಂದು ಜಾಲತಾಣವನ್ನೂ ತೆರೆದಿದೆ. ಅದು ಹೆಸರಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಔಷಧಿ ಸಿಂಪಡಿಸುವ ಯಂತ್ರ ಕೃಷಿ ಉಪಕರಣವಲ್ಲದೆ ಇನ್ನೇನು? ಎರಡನೆಯದಾಗಿ, ನಮ್ಮ ಐಟಿಐ, ಪಾಲಿಟೆಕ್ನಿಕ್ ಕಾರ್ಯಾಗಾರಗಳ ಒಂದು ಮೇಜು ಶನಿವಾರ ಮಧ್ಯಾಹ್ನ ಹೊರಗಿನವರಿಗೂ ತೆರೆದಿರಲಿ. ಮೊಬೈಲು ದುರಸ್ತಿಯ ಹುಡುಗ, ವೈಂಡಿಂಗ್‌ನವರು, ಡ್ರೋನ್ ಹುಚ್ಚಿನ ವಿದ್ಯಾರ್ಥಿ ಈ ಮೂವರೂ ಒಂದೇ ಮೇಜಿಗೆ ಬಂದರೆ ಕಲಿಸುವವರನ್ನು ಹೊರಗಿನಿಂದ ಕರೆಸಬೇಕಿಲ್ಲ.

ಹತ್ತಾರು ಕಿಲೊ ತೂಗುವ, ವಿಷದ ಟ್ಯಾಂಕು ಹೊತ್ತು ಜನರ ಸಮೀಪ ಹಾರುವ ಯಂತ್ರಕ್ಕೆ ಯಾರೆಂದರೆ ಅವರು ಕೈ ಹಾಕಬಾರದು ಎಂಬ ಆಕ್ಷೇಪ ಬರುತ್ತದೆ. ಅದು ನ್ಯಾಯವಾದದ್ದೇ. ಪ್ರಮಾಣಪತ್ರ ಪಡೆದ ಡ್ರೋನನ್ನು ಸಿಕ್ಕ ಸ್ಕ್ರೂ ಹಾಕಿ ಹಾರಿಸಿದರೆ ಏನಾಗುತ್ತದೆಂಬುದನ್ನು ಈ ಲೇಖಕನಿಗೆ ಯಾರೂ ಹೇಳಬೇಕಿಲ್ಲ. ಆದರೆ ಬಾಗಿಲು ಮುಚ್ಚಿದರೆ ದುರಸ್ತಿ ನಿಲ್ಲುವುದಿಲ್ಲ, ಕದ್ದು ನಡೆಯುತ್ತದೆ. ಉದ್ದದ ಸ್ಕ್ರೂ ಬೀಳುವುದು ಅಲ್ಲಿಯೇ. ಸರಿಯಾದ ಉದ್ದವೆಷ್ಟು ಎಂಬುದು ಒಂದು ಹಾಳೆಯ ಮೇಲೆ ಅಚ್ಚಾಗಿದ್ದರೆ ನಾನು ತಪ್ಪುತ್ತಿರಲಿಲ್ಲ. ಇನ್ನೂರು ಗ್ರಾಂ ಡ್ರೋನಿನ ಮೇಲೆ ನಾಲ್ಕಾರು ಬಾರಿ ತಪ್ಪಿ ಕಲಿತ ಕೈ, ಇಪ್ಪತ್ತು ಕಿಲೊ ಡ್ರೋನಿನ ಮುಂದೆ ಎಚ್ಚರವಾಗಿರುತ್ತದೆ.

ಹೊಸ ಚೌಕಟ್ಟು, ಹೊಸ ಮೋಟರು, ಮೂರೂ ಕಡೆ ಅಳೆದು ನೋಡಿದ ಸ್ಕ್ರೂಗಳೊಂದಿಗೆ ಡಿಸೆಂಬರ್‌ನಲ್ಲಿ ಮತ್ತೆ ಔರಾದಿಗೆ ಹೋದೆವು. ಮೊದಲು ಮೊಣಕಾಲೆತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ, ಇಳಿಸಿ, ನಾಲ್ಕೂ ಮೋಟರುಗಳನ್ನು ಬೆರಳಿನಿಂದ ಮುಟ್ಟಿ ಯಾವುದಾದರೂ ಹೆಚ್ಚು ಬಿಸಿಯಾಗಿದೆಯೇ ಎಂದು ನೋಡಿದ ಬಳಿಕವೇ ಅಳಿಯ ಅದನ್ನು ಮೇಲಕ್ಕೆ ಬಿಟ್ಟದ್ದು. ನೆರೆದವರಲ್ಲಿ ಪಕ್ಕದ ಹಳ್ಳಿಯ ಒಬ್ಬರಿದ್ದರು. ಹಾರಾಟ ಮುಗಿದ ಮೇಲೆ ಹತ್ತಿರ ಬಂದು, ತಮ್ಮೂರಿನ ಸಂಘದ ಸಿಂಪಡಣೆಯ ಡ್ರೋನೊಂದು ಮುಂಗಾರಿನಿಂದ ತಾಡಪಾಲಿನ ಕೆಳಗೆ ಬಿದ್ದಿದೆ, ಒಂದು ತೋಳು ಬಾಗಿದೆ, ಬಂದು ನೋಡುತ್ತೀರಾ ಎಂದು ಕೇಳಿದರು. ಕೈ ಹಾಕುವುದಿಲ್ಲ, ಕೆಟ್ಟದ್ದೇನೆಂದು ನೋಡಿ ಬರೆದುಕೊಡುತ್ತೇವೆ, ಅದನ್ನು ಮಾರಿದವರಿಗೆ ಕಳಿಸಿ ಎಂದೆವು. ಮುಂದಿನ ಭಾನುವಾರ ಹೋಗುವುದೆಂದಾಯಿತು. ಮೊಬೈಲು ಅಂಗಡಿಯವನೂ ಬರುತ್ತೇನೆಂದ. ಮಲ್ಟಿಮೀಟರಿನ ಜೊತೆಗೆ ಒಂದು ಬಕೆಟ್ ಮರಳನ್ನೂ ಜೀಪಿನಲ್ಲಿ ಇಟ್ಟುಕೊಳ್ಳಲು ಅಳಿಯನಿಗೆ ಹೇಳಿದೆ.